ನಾನೂರು ಗುಂಡಿನ ಲೆಕ್ಕ

ಶೂಟಿಂಗ್ ಸ್ಪರ್ಧೆಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಹಾಲ್‌ನಲ್ಲಿ ಒಂದು ಬಿಳಿ ಬೆಡ್‌ಶೀಟ್ ಹಾಸುತ್ತೇವೆ. ಬೇರೆ ಬಣ್ಣದ್ದು ಆಗಲ್ಲ, ಬಿಳಿಯದ್ದೇ ಬೇಕು. ಅದರ ಮೇಲೆ ನನ್ನ ಕಿಟ್ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವುತ್ತೇನೆ. ಜಾಕೆಟ್, ಪ್ಯಾಂಟ್, ಶೂ, ಗ್ಲೌಸ್, ನೀಲಿಂಗ್ ರೋಲ್, ಮ್ಯಾಟ್, ಸ್ಕೋಪಿನ ಚೀಲ, ಒಂದೊಂದನ್ನೂ ಬೇರೆ ಬೇರೆ ಇಡುತ್ತೇನೆ. ಅಮ್ಮ ಪಕ್ಕದಲ್ಲಿ ಕೂತು ಜೇಬಿನ ಒಳಗೆ, ಹೊಲಿಗೆಯ ಉದ್ದಕ್ಕೂ ಬೆರಳು ಓಡಿಸುತ್ತಾಳೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈ ಅದು. ಏನೂ ತಪ್ಪಿಸಿಕೊಳ್ಳಲ್ಲ.

ನಾವು ಹುಡುಕುವುದು ಒಂದೇ ವಸ್ತು. ಎಲ್ಲೋ ಉಳಿದುಕೊಂಡ ಒಂದು ಗುಂಡು. .22 ಅನ್ನುವುದು ಇಂಚಿನಲ್ಲಿ ಗುಂಡಿನ ಅಗಲ. ಆ ಗುಂಡಿನ ಉದ್ದ ಸುಮಾರು 25 ಮಿ.ಮೀ., ತೂಕ ಮೂರೂವರೆ ಗ್ರಾಂ ಆಸುಪಾಸು. ಹರಿದ ಜೇಬಿನ ಒಳಗೆ ಜಾರಿದರೆ ಅದು ಇದೆ ಅಂತಲೇ ಗೊತ್ತಾಗಲ್ಲ.

ನಾನು 50 ಮೀಟರ್ ರೈಫಲ್ ಶೂಟರ್. ಪ್ರೋನ್ (ಮಲಗಿ ಹೊಡೆಯುವುದು) ಮತ್ತು ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದು) ಎರಡೂ ಆಡುತ್ತೇನೆ. 15ನೇ ವಯಸ್ಸಿನಲ್ಲಿ 10 ಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿದವಳು. ಸ್ವಂತ .22 ರೈಫಲ್ ಕೊಂಡ ಮೇಲೆ ಮೊದಲ ಸಲ ಅದನ್ನು ವಿಮಾನದಲ್ಲಿ ಬೆಂಗಳೂರಿನಿಂದ ದೆಹಲಿಗೆ ಒಯ್ದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಆಟಕ್ಕೆ ಹೊಸದಾಗಿ ಬಂದ ಮಕ್ಕಳ ಅಪ್ಪ ಅಮ್ಮಂದಿರು ರೇಂಜ್‌ನಲ್ಲಿ ಸಿಕ್ಕಾಗಲೆಲ್ಲ ಕೇಳುವ ಮೊದಲ ಪ್ರಶ್ನೆ ಇದೇ: "ವಿಮಾನದಲ್ಲಿ ಬಂದೂಕು ಬಿಡ್ತಾರಾ ಮೇಡಂ?" ಬಿಡುತ್ತಾರೆ. ಆದರೆ ಕಾಗದದ ಮೇಲೆ ಇರುವ ಪ್ರತಿ ಅಂಕಿಯೂ ಕೈಯಲ್ಲಿರುವ ವಸ್ತುವಿಗೆ ತಾಳೆಯಾಗಬೇಕು.

ಏರ್ ರೈಫಲ್ ಆಡುತ್ತಿದ್ದಾಗ ಇಷ್ಟು ಕಷ್ಟ ಇರಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಮೀರದ .177 ಏರ್ ರೈಫಲ್‌ಗೆ ಲೈಸೆನ್ಸ್ ಬೇಕಾಗಿಲ್ಲ. ಅದರ ಗುಂಡಾದ ಪೆಲೆಟ್‌ನಲ್ಲಿ ಮದ್ದು ಇರಲ್ಲ, ಬರೀ ಸೀಸ. ಗಾಳಿಯ ಸಿಲಿಂಡರ್ ಮಾತ್ರ ನೋಡಿಕೊಳ್ಳಬೇಕು. ತುಂಬಿದಾಗ ಅದರೊಳಗೆ 200 ಬಾರ್ ಒತ್ತಡ ಇರುತ್ತದೆ. ರೈಫಲ್‌ನಿಂದ ಬಿಚ್ಚಿ, ಗಾಳಿ ಪೂರ್ತಿ ಬಿಟ್ಟು, ಖಾಲಿ ಇದೆ ಅಂತ ಕೌಂಟರ್‌ನಲ್ಲಿ ತೋರಿಸಬೇಕು. ಲೈಸೆನ್ಸ್ ಬೇಡ ಅಂತ ಸುಮ್ಮನೆ ಲಗೇಜ್ ಜೊತೆ ಹಾಕುವ ಹಾಗಿಲ್ಲ. ವಿಮಾನದವರ ಪಾಲಿಗೆ ಅದೂ ಬಂದೂಕೇ.

.22 ಬಂದ ಮೇಲೆ ಎಲ್ಲ ಬದಲಾಯಿತು. ಇದಕ್ಕೆ ಲೈಸೆನ್ಸ್ ಬೇಕು. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಯಿಂದ ಸಿಗುತ್ತದೆ. 2019ರ ತಿದ್ದುಪಡಿಯ ನಂತರ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಆ ಪುಸ್ತಕದಲ್ಲಿ ರೈಫಲ್‌ನ ಕಂಪನಿ, ಬೋರ್ (ಬ್ಯಾರೆಲ್‌ನ ಒಳ ಅಗಲ), ಸೀರಿಯಲ್ ನಂಬರ್, ನನ್ನ ಯುಐಎನ್ (ಲೈಸೆನ್ಸ್ ಪಡೆದವರ ಗುರುತಿನ ಸಂಖ್ಯೆ), ಯಾವ ಪ್ರದೇಶಕ್ಕೆ ಲೈಸೆನ್ಸ್ ನಡೆಯುತ್ತದೆ ಅನ್ನುವುದು ಎಲ್ಲ ಇರುತ್ತದೆ. ಆ ಕೊನೆಯ ಸಾಲನ್ನು ಜಾಸ್ತಿ ಜನ ಓದುವುದೇ ಇಲ್ಲ. ಬರೀ ಕರ್ನಾಟಕಕ್ಕೆ ಅಂತ ಬರೆದಿದ್ದರೆ ದೆಹಲಿಗೆ ಒಯ್ಯುವಂತಿಲ್ಲ. ನನ್ನದರಲ್ಲಿ ಇಡೀ ದೇಶಕ್ಕೆ ಅಂತ ಇತ್ತು. ಆದರೂ ಟಿಕೆಟ್ ತೆಗೆಯುವ ಮೊದಲು ಮೂರು ಸಲ ಓದಿಕೊಂಡೆ.

ಟಿಕೆಟ್ ತೆಗೆಯುವಾಗ ಎರಡು ವಿಷಯ ನೋಡಿದೆ. ಒಂದು, ನೇರ ವಿಮಾನವೇ ಆಗಬೇಕು. ನಡುವೆ ಇಳಿದು ಹತ್ತಿದರೆ ರೈಫಲ್ ಇನ್ನೊಂದು ಕೈಗೆ ಹೋಗುತ್ತದೆ, ಇನ್ನೊಂದು ಸಹಿ ಬೀಳುತ್ತದೆ. ಎರಡು, ಡಿಸೆಂಬರ್‌ನಲ್ಲಿ ದೆಹಲಿಗೆ ಬೆಳಿಗ್ಗೆ ಇಳಿಯುವ ವಿಮಾನ ಬೇಡ. ಮಂಜು ಬಿದ್ದರೆ ಬೇರೆ ಊರಿಗೆ ತಿರುಗಿಸುತ್ತಾರೆ. ಗೊತ್ತಿಲ್ಲದ ಊರಿನಲ್ಲಿ ರೈಫಲ್ ಇಟ್ಟುಕೊಂಡು ರಾತ್ರಿ ಕಳೆಯುವುದು ಯಾರಿಗೂ ಬೇಡ. ಮಧ್ಯಾಹ್ನ ಇಳಿಯುವ ವಿಮಾನ ಹಿಡಿದೆ. ಅದೇ ದಿನ ವಿಮಾನ ಸಂಸ್ಥೆಗೆ ಫೋನ್ ಮಾಡಿ, ಮೇಲ್ ಕಳಿಸಿ, ಒಂದು ರೈಫಲ್, 400 ಗುಂಡು ಅಂತ ತಿಳಿಸಿದೆ. ಅವರ ಉತ್ತರವನ್ನು ಪ್ರಿಂಟ್ ತೆಗೆದು ಫೈಲ್‌ನಲ್ಲಿ ಇಟ್ಟೆ. ಫೋನಿನಲ್ಲಿ ಆದ ಮಾತು ಕೌಂಟರ್‌ನಲ್ಲಿ ನಿಲ್ಲಲ್ಲ. ಪ್ರಿಂಟ್ ನಿಲ್ಲುತ್ತದೆ.

ಗುಂಡನ್ನು ದೆಹಲಿಯಲ್ಲೇ ಕೊಂಡರೆ ಆಗಲ್ವಾ ಅಂತ ನಮ್ಮ ಚಿಕ್ಕಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಗುಂಡಿನ ಡಬ್ಬಿಯ ಮೇಲೆ ಇರುವ ಲಾಟ್ ನಂಬರ್‌ನಲ್ಲಿದೆ. ಲಾಟ್ ಅಂದರೆ ಒಟ್ಟಿಗೆ ತಯಾರಾದ ಒಂದು ಕಂತು. ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಬೆಲೆಯ ಗುಂಡು ಲಾಟ್‌ನಿಂದ ಲಾಟ್‌ಗೆ ಬೇರೆ ಥರ ಹೊಡೆಯುತ್ತದೆ. ಒಂದು ಬ್ಯಾರೆಲ್‌ಗೆ ಹೊಂದಿದ ಲಾಟ್ ಪಕ್ಕದವರ ಬ್ಯಾರೆಲ್‌ಗೆ ಹೊಂದಲ್ಲ. ಅದಕ್ಕೇ ರೈಫಲನ್ನು ಕ್ಲ್ಯಾಂಪ್‌ನಲ್ಲಿ ಬಿಗಿದು, ಬೇರೆ ಬೇರೆ ಲಾಟ್ ಹೊಡೆದು, ಯಾವುದರ ಗುಂಪು ಚಿಕ್ಕದಾಗಿ ಬೀಳುತ್ತದೆ ಅಂತ ನೋಡಿ ಕೊಳ್ಳುತ್ತೇವೆ. 50 ಮೀಟರ್ ಗುರಿಯಲ್ಲಿ 10ರ ವೃತ್ತದ ಅಗಲ ಬರೀ 10.4 ಮಿ.ಮೀ. ಗುಂಡಿನ ಅಗಲವೇ 5.6 ಮಿ.ಮೀ. ಇಲ್ಲಿ 0.1 ಅಂಕದಲ್ಲಿ ಪದಕ ತಪ್ಪುತ್ತದೆ. ನನ್ನ ಬ್ಯಾರೆಲ್ ಇಷ್ಟಪಡುವ ಲಾಟ್ ಸಿಗಲು ಆರು ತಿಂಗಳು ಕಾದಿದ್ದೇನೆ. ಅದನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ.

ವಿಮಾನಯಾನದ ಅಂತರರಾಷ್ಟ್ರೀಯ ನಿಯಮದಲ್ಲಿ ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕೆಜಿ ಗುಂಡಿನ ಮಿತಿ ಇದೆ. ಅದೂ 1.4ಎಸ್ ವರ್ಗದ್ದು ಮಾತ್ರ. ಅಕಸ್ಮಾತ್ ಸಿಡಿದರೂ ಅದರ ಪರಿಣಾಮ ಡಬ್ಬಿಯ ಒಳಗೇ ಉಳಿಯುತ್ತದೆ ಅನ್ನುವ ವರ್ಗ ಅದು. ಇಬ್ಬರು ಹೋಗುವಾಗ ಇಬ್ಬರ ಪಾಲನ್ನೂ ಒಂದೇ ಪೆಟ್ಟಿಗೆಗೆ ತುಂಬುವಂತಿಲ್ಲ. ನನ್ನ 400 ಗುಂಡು ಡಬ್ಬಿ ಸೇರಿ ಒಂದೂವರೆ ಕೆಜಿ ಚಿಲ್ಲರೆ ಬಂತು. 50ರ ಎಂಟು ಡಬ್ಬಿ. ಕಂಪನಿಯ ಡಬ್ಬಿಯಲ್ಲೇ, ಕಂಪನಿಯ ಟ್ರೇನಲ್ಲೇ, ಬೀಗ ಇರುವ ಚಿಕ್ಕ ಗಟ್ಟಿ ಪೆಟ್ಟಿಗೆಯಲ್ಲಿ. ರೈಫಲ್ ಕೇಸ್ ಬೇರೆ, ಗುಂಡಿನ ಪೆಟ್ಟಿಗೆ ಬೇರೆ, ಬೀಗದ ಕೈ ನನ್ನ ಹತ್ತಿರ.

ರೈಫಲ್ ಪ್ಯಾಕ್ ಮಾಡುವುದಕ್ಕೇ ಒಂದು ಸಂಜೆ ಹಿಡಿಯಿತು. ನಮ್ಮ ರೈಫಲ್‌ಗಳಲ್ಲಿ ಕೆನ್ನೆಗೆ ತಾಗುವ ಚೀಕ್‌ಪೀಸ್, ಭುಜಕ್ಕೆ ತಾಗುವ ಬಟ್‌ಪ್ಲೇಟ್, ಎಡಗೈಗೆ ತಾಗುವ ಹ್ಯಾಂಡ್‌ಸ್ಟಾಪ್, ಎಲ್ಲವೂ ನಮ್ಮ ಮೈಗೆ ತಕ್ಕ ಹಾಗೆ ಮಿಲಿಮೀಟರ್ ಲೆಕ್ಕದಲ್ಲಿ ಕೂತಿರುತ್ತವೆ. ಕೇಸಿಗೆ ಹಿಡಿಸಲು ಬಟ್‌ಪ್ಲೇಟ್ ಬಿಚ್ಚಲೇಬೇಕು. ಬಿಚ್ಚುವ ಮೊದಲು ಬಿಳಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದೆ, ಫೋಟೋ ತೆಗೆದೆ, ಅಳತೆಯನ್ನು ನೋಟ್‌ಬುಕ್‌ನಲ್ಲಿ ಬರೆದೆ. ಗುರಿ ಹಿಡಿಯಲು ಕಣ್ಣಿಡುವ ಹಿಂದಿನ ಸೈಟನ್ನು ಬಿಚ್ಚಿ ದಪ್ಪ ಉಣ್ಣೆ ಕಾಲುಚೀಲದಲ್ಲಿ ಸುತ್ತಿ ಕೇಸಿನ ಫೋಮ್ ಒಳಗೆ ಕೂರಿಸಿದೆ. ಬೋಲ್ಟ್ (ಗುಂಡನ್ನು ಬ್ಯಾರೆಲ್‌ಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಹೊರಗೆ ತೆಗೆದು ಬೇರೆ ಬಟ್ಟೆಯಲ್ಲಿ ಸುತ್ತಿದೆ. ಬ್ಯಾರೆಲ್ ಉದ್ದಕ್ಕೂ ಕಿತ್ತಳೆ ಬಣ್ಣದ ಸೇಫ್ಟಿ ಫ್ಲಾಗ್ ಹಾಕಿದೆ. ಕೇಸ್ ತೆರೆದ ತಕ್ಷಣ ಯಾರ ಕಣ್ಣಿಗಾದರೂ ಅದು ಮೊದಲು ಬೀಳಬೇಕು, ಒಳಗೆ ಏನೂ ಇಲ್ಲ ಅಂತ ಕೇಳದೇ ಗೊತ್ತಾಗಬೇಕು. ಅಲೆನ್ ಕೀ, ಸ್ಕ್ರೂಡ್ರೈವರ್ ಎಲ್ಲ ಕೇಸಿನಲ್ಲೇ. ಕೈಯಲ್ಲಿ ಹಿಡಿಯುವ ಬ್ಯಾಗಿಗೆ ರೈಫಲ್‌ಗೆ ಸಂಬಂಧಪಟ್ಟದ್ದು ಒಂದು ತಿರುಪನ್ನೂ ಹಾಕಲ್ಲ.

ಕೊನೆಗೆ ಬೆಡ್‌ಶೀಟ್. ಆ ರಾತ್ರಿ ಜಾಕೆಟ್ಟಿನ ಬಲ ಜೇಬಿನಲ್ಲಿ ಕೈ ಹಾಕಿದ ಅಮ್ಮ ನಿಂತುಬಿಟ್ಟಳು. ಜೇಬಿನ ಮೂಲೆ ಹರಿದಿತ್ತು. ಒಳಗಿನ ಕ್ಯಾನ್ವಾಸಿಗೂ ಅಸ್ತರಿಗೂ ನಡುವೆ ಏನೋ ಗಟ್ಟಿಯಾಗಿ ಸಿಕ್ಕಿತು. ಕತ್ತರಿಯಲ್ಲಿ ಹೊಲಿಗೆ ಬಿಚ್ಚಿ ತೆಗೆದೆವು. ಒಂದು ಗುಂಡು. ಅಂಚಿನಲ್ಲಿ ಫೈರಿಂಗ್ ಪಿನ್ ಬಿದ್ದ ಸಣ್ಣ ತಗ್ಗು ಇತ್ತು. ಪಿನ್ ಬಿದ್ದರೂ ಹಾರದೆ ಉಳಿದ ಮಿಸ್‌ಫೈರ್ ಅದು. ಯಾವತ್ತೋ ಅಭ್ಯಾಸದ ನಡುವೆ ಬ್ಯಾರೆಲ್‌ನಿಂದ ತೆಗೆದು, ಆಮೇಲೆ ಕೊಟ್ಟರಾಯಿತು ಅಂತ ಜೇಬಿಗೆ ಹಾಕಿಕೊಂಡು ಮರೆತಿದ್ದೆ. ಹಾರದ ಗುಂಡು ಸತ್ತ ಗುಂಡಲ್ಲ. ಮದ್ದು ಒಳಗೇ ಇರುತ್ತದೆ. ಎಕ್ಸ್-ರೇ ಯಂತ್ರಕ್ಕೆ ಅದು ಬರೀ ಗುಂಡು, ಅಷ್ಟೇ.

ನನ್ನ ಕೈ ತಣ್ಣಗಾಯಿತು. ಯಾಕೆಂದರೆ ಒಂದು ಗುಂಡಿನಿಂದ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ನಮ್ಮ ಜೊತೆ ಕ್ಲಬ್ ರೈಫಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗ ಇದ್ದ. ಅವನ ಹೆಸರಿನಲ್ಲಿ ಲೈಸೆನ್ಸ್ ಇರಲಿಲ್ಲ. ರೇಂಜಿಗೂ ಕಾಲೇಜಿಗೂ ಒಂದೇ ಬ್ಯಾಗ್. ರಜೆಯಲ್ಲಿ ಮನೆಯವರ ಜೊತೆ ಊರಿಗೆ ಹೊರಟಾಗ ಆ ಬ್ಯಾಗಿನ ತಳದಲ್ಲಿ ಒಂದು ಗುಂಡು ಸ್ಕ್ರೀನಿಂಗ್‌ನಲ್ಲಿ ಸಿಕ್ಕಿತು. ವಿಮಾನ ಹೋಯಿತು. ಮನೆಯವರೆಲ್ಲ ಪೊಲೀಸ್ ಠಾಣೆಯಲ್ಲಿ ಕೂತರು. ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಅಡಿ ಕೇಸ್ ಆಯಿತು. ಗೊತ್ತಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಅನ್ನುವ ಮಾತನ್ನು ನ್ಯಾಯಾಲಯಗಳು ಹೇಳುತ್ತಾ ಬಂದಿವೆ. ಅವನ ಕೇಸೂ ಕೊನೆಗೆ ರದ್ದಾಯಿತು. ಆದರೆ ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು, ಹುಡುಗ ಆಟ ಬಿಟ್ಟಿದ್ದ. ತುಂಬ ಚೆನ್ನಾಗಿ ಹೊಡೆಯುತ್ತಿದ್ದ. ಇವತ್ತಿಗೂ ನನಗೆ ಅದು ನೋವಿನ ವಿಷಯ.

ಹಾಗಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ರೇಂಜಿನ ಬ್ಯಾಗ್ ರೇಂಜಿಗೆ ಮಾತ್ರ. ಅದರಲ್ಲಿ ಟಿಫನ್ ಡಬ್ಬಿ, ಲ್ಯಾಪ್‌ಟಾಪ್, ಬಟ್ಟೆ ಏನೂ ಬೇಡ. ಮಿಸ್‌ಫೈರ್ ಆದ ಗುಂಡನ್ನು ಅಲ್ಲೇ ರೇಂಜ್ ಆಫೀಸರ್ ಕೈಗೆ ಕೊಡಿ. ಜೇಬಿಗೆ ಹಾಕಬೇಡಿ.

ಆ ಗುಂಡನ್ನು ಮನೆಯ ಲಾಕರ್‌ನಲ್ಲಿಟ್ಟು, ವಾಪಸ್ ಬಂದ ಮೇಲೆ ಕ್ಲಬ್ಬಿಗೆ ಒಪ್ಪಿಸಿದೆ. ಜೇಬನ್ನು ಅಮ್ಮ ರಾತ್ರಿಯೇ ದಪ್ಪ ದಾರದಲ್ಲಿ ಹೊಲಿದಳು.

ಮರುದಿನ ವಿಮಾನಕ್ಕೆ ಮೂರು ಗಂಟೆ ಮೊದಲೇ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಿದೆ. ಗೇಟಿನಲ್ಲಿ ನಿಲ್ದಾಣದ ಭದ್ರತೆ ನೋಡುವ ಸಿಐಎಸ್‌ಎಫ್ ಯೋಧರಿಗೆ ಟಿಕೆಟ್ ತೋರಿಸುತ್ತಲೇ "ಸಾರ್, ಸ್ಪೋರ್ಟ್ಸ್ ರೈಫಲ್ ಇದೆ, ಲೈಸೆನ್ಸ್ ಇದೆ" ಅಂದೆ. ಅವರು ಕೇಳುವ ಮೊದಲೇ ನಾವು ಹೇಳಿದರೆ ಎದುರಿನವರ ಮುಖ ಸಡಿಲವಾಗುತ್ತದೆ. ಕೌಂಟರ್‌ನಲ್ಲೂ ಅದೇ ಮಾತು. ಅಲ್ಲಿದ್ದ ಹುಡುಗಿ ಭದ್ರತಾ ಸಿಬ್ಬಂದಿಯನ್ನು ಕರೆದಳು. ಜನರ ಸಾಲಿನಿಂದ ದೂರ, ಒಂದು ಪಕ್ಕಕ್ಕೆ ಕರೆದುಕೊಂಡು ಹೋದರು. ಜನರ ಮುಂದೆ ಕೇಸ್ ತೆರೆಯಬಾರದು. ಯಾರಾದರೂ ಕೌಂಟರ್‌ನಲ್ಲೇ ತೆಗೆಯಿರಿ ಅಂದರೆ ಬೇರೆ ಜಾಗ ಕೇಳಬೇಕು.

ಕೇಸ್ ತೆರೆದೆ. ಕಿತ್ತಳೆ ಫ್ಲಾಗ್ ನೋಡಿ ಅವರು ತಲೆಯಾಡಿಸಿದರು. ಬೋಲ್ಟ್ ಎಲ್ಲಿ ಅಂತ ಕೇಳಿದರು, ತೋರಿಸಿದೆ. ಲೈಸೆನ್ಸ್ ಪುಸ್ತಕ, ಆಧಾರ್, ಸ್ಪರ್ಧೆಯ ಎಂಟ್ರಿ, ರಾಜ್ಯ ರೈಫಲ್ ಸಂಸ್ಥೆಯ ಪತ್ರ ಕೊಟ್ಟೆ. ಡಬ್ಬಿ ತೆರೆದು ಗುಂಡು ಎಣಿಸಿದರು. ಮೊದಲ ಡಬ್ಬಿಯನ್ನು ಒಂದೊಂದಾಗಿ, ಉಳಿದದ್ದನ್ನು ಟ್ರೇ ಲೆಕ್ಕದಲ್ಲಿ. "ಇದೇ ಅಲ್ವಾ ಮೇಡಂ, ಪ್ಯಾರಿಸ್‌ನಲ್ಲಿ ಮೆಡಲ್ ಬಂದಿದ್ದು?" ಅಂತ ಎಣಿಸುತ್ತಲೇ ಕೇಳಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದಿದ್ದರು. ಹೌದು ಅಂದಾಗ ನನಗೇ ಒಂದು ಥರ ಧೈರ್ಯ ಬಂತು. ಫಾರ್ಮ್ ತುಂಬಿದರು, ಬಂದೂಕಿನ ಶುಲ್ಕ ಕಟ್ಟಿಸಿಕೊಂಡರು. ತೂಕದ ಹಣ ಬೇರೆ ಕಟ್ಟಿದೆ. ಕೇಸ್ ಸೇರಿ ರೈಫಲ್ಲೇ 12 ಕೆಜಿ. ಮರದ ಹಲಗೆಯಷ್ಟು ಬಿರುಸಾದ ಜಾಕೆಟ್, ಪ್ಯಾಂಟ್, ಶೂ ಎಲ್ಲ ಸೇರಿದರೆ 15 ಕೆಜಿಯ ಮಿತಿ ಎಲ್ಲಿ ಸಾಲುತ್ತದೆ?

ಸಹಿ ಮಾಡಿ ಅಂದರು. ಮಾಡಿದೆ. ಆ ಸಹಿಯಲ್ಲೇ ತಪ್ಪಾಯಿತು.

ದೆಹಲಿಯಲ್ಲಿ ಇಳಿದ ಮೇಲೆ ರೈಫಲ್ ಬೆಲ್ಟಿನ ಮೇಲೆ ಬರಲ್ಲ, ಸಿಬ್ಬಂದಿ ಕೈಯಿಂದ ಕೈಗೆ ಕೊಡುತ್ತಾರೆ. ನನ್ನ ಕೇಸ್ ಬಂತು. ಗುಂಡಿನ ಪೆಟ್ಟಿಗೆಯೂ ಬಂತು. ಕೊಡಲು ಬಂದ ಹುಡುಗ ಫಾರ್ಮ್ ನೋಡಿದ, ರೈಫಲ್ ನೋಡಿದ, ಮತ್ತೆ ಫಾರ್ಮ್ ನೋಡಿದ. ನಂಬರ್ ಹೊಂದುತ್ತಿಲ್ಲ ಅಂತ ಹಿಂದಿಯಲ್ಲಿ ಹೇಳಿದ. ರೈಫಲ್‌ನ ಸೀರಿಯಲ್ ನಂಬರ್ ಕೊನೆಗೆ 86 ಇದೆ. ಫಾರ್ಮ್‌ನಲ್ಲಿ 68 ಅಂತ ಬರೆದಿತ್ತು. ಲೈಸೆನ್ಸ್‌ನಲ್ಲಿ 86 ಸರಿಯಾಗಿಯೇ ಇದೆ ಅಂತ ತೋರಿಸಿದೆ. ಅವನು ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ಸರಿ ಅಂತ ಈಗ ಅನಿಸುತ್ತದೆ. ಅವನ ಕೈಯಲ್ಲಿದ್ದ ಕಾಗದದ ಪ್ರಕಾರ ಅದು ಬೇರೆ ರೈಫಲ್.

ಒಂದು ಗಂಟೆ ಹತ್ತು ನಿಮಿಷ ನಿಂತೆ. ಬೆಂಗಳೂರಿಗೆ ಫೋನ್ ಹೋಯಿತು, ಅಲ್ಲಿಂದ ಫೋನ್ ಬಂತು. ಕೊನೆಗೆ ಕೆಲಸಕ್ಕೆ ಬಂದದ್ದು ನಾನು ಕೇಸ್ ಮುಚ್ಚುವ ಮೊದಲು ತೆಗೆದ ಒಂದು ಫೋಟೋ. ರೈಫಲ್‌ನ ನಂಬರ್ ಮತ್ತು ಲೈಸೆನ್ಸ್ ಪುಟ ಎರಡೂ ಒಂದೇ ಫ್ರೇಮ್‌ನಲ್ಲಿ ಇದ್ದವು, ಹಿಂದೆ ಅವರದೇ ಕೌಂಟರ್‌ನ ಟ್ಯಾಗ್ ಕಾಣುತ್ತಿತ್ತು. ಅದನ್ನು ಮೇಲ್ ಮಾಡಿಸಿಕೊಂಡು, ಫಾರ್ಮ್ ತಿದ್ದಿ, ಎರಡು ಕಡೆ ಸಹಿ ಹಾಕಿಸಿ ಬಿಟ್ಟರು. ಅವತ್ತಿನಿಂದ ಯಾರೇ ಫಾರ್ಮ್ ತುಂಬಲಿ, ನಾನು ರೈಫಲ್‌ನ ನಂಬರ್ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಜೋರಾಗಿ ಓದುತ್ತೇನೆ. ಅವರು ಫಾರ್ಮ್ ನೋಡಿ ತಿರುಗಿ ಓದಬೇಕು. ಆಮೇಲೆಯೇ ಸಹಿ.

ಈ ಅಭ್ಯಾಸ ಮುಂದೆ ಮ್ಯೂನಿಚ್‌ಗೆ ಹೋದಾಗ ತುಂಬ ನೆರವಾಯಿತು. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಹೊಖ್‌ಬ್ರೂಕ್ ರೇಂಜ್ ಅದು. ಹೊರದೇಶಕ್ಕೆ ಒಯ್ಯುವಾಗ ರೈಫಲ್ ನಂಬರ್, ಗುಂಡಿನ ಸಂಖ್ಯೆ, ವಿಮಾನದ ನಂಬರ್ ಎಲ್ಲವನ್ನೂ ಬಹಳ ಮೊದಲೇ ಆಯೋಜಕರಿಗೆ ಕಳಿಸಬೇಕು. ಅವರು ಅಲ್ಲಿನ ಅನುಮತಿ ತೆಗೆಸುತ್ತಾರೆ. ನಡುವೆ ಕೊಲ್ಲಿ ದೇಶದಲ್ಲಿ ವಿಮಾನ ಬದಲಾಯಿಸಿದರೆ, ನಾವು ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಲ್ಲಿಯ ಅನುಮತಿ ಬೇರೆ ಬೇಕು. ಇಲ್ಲಿಂದ ಹೊರಡುವಾಗ ಕಸ್ಟಮ್ಸ್‌ನವರಿಂದ ರೈಫಲ್‌ನ ನಂಬರ್ ಇರುವ ಪತ್ರ ಪಡೆಯಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ಹೊಸದಾಗಿ ಕೊಂಡು ತಂದದ್ದು ಅಂತ ಸುಂಕದ ಮಾತು ಬರುತ್ತದೆ. ಈ ಎಲ್ಲ ಕಾಗದದಲ್ಲೂ ಅದೇ ನಂಬರ್. ಒಂದು ಅಂಕಿ ಆಚೀಚೆ ಆದರೂ ರೈಫಲ್ ಅಲ್ಲೇ ಉಳಿಯುತ್ತದೆ.

ದೆಹಲಿಗೆ ವಾಪಸ್ ಬರುತ್ತೇನೆ. ಸ್ಪರ್ಧೆ ತುಘಲಕಾಬಾದ್‌ನ ಕರ್ಣಿ ಸಿಂಗ್ ರೇಂಜ್‌ನಲ್ಲಿ. 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿ, 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಹೊಸದು ಮಾಡಿದ ಜಾಗ. ರೈಫಲನ್ನು ಅಲ್ಲಿನ ಶಸ್ತ್ರಾಗಾರದಲ್ಲಿ ಇಟ್ಟು ರೂಮಿಗೆ ಹೋದೆ. ಬೆಳಿಗ್ಗೆ ಕೇಸ್ ತಂದ ತಕ್ಷಣ ತೆರೆಯಲಿಲ್ಲ. ಚಳಿಯಲ್ಲಿದ್ದ ಲೋಹ ಬೆಚ್ಚನೆ ಗಾಳಿಗೆ ಬಂದರೆ ನೀರಿನ ಹನಿ ಕಟ್ಟುತ್ತದೆ. ಅರ್ಧ ಗಂಟೆ ಮುಚ್ಚಿಟ್ಟು ಕಾದೆ. ಬಟ್‌ಪ್ಲೇಟನ್ನು ಬಿಳಿ ಗೆರೆಗೆ ಕೂರಿಸಿದೆ, ತಿರುಪುಗಳನ್ನು ಟಾರ್ಕ್ ಕೀಯಲ್ಲಿ ಬಿಗಿದೆ, ಸೈಟ್ ಹಾಕಿ ನೋಟ್‌ಬುಕ್ ನೋಡಿಕೊಂಡು ಕ್ಲಿಕ್ ಎಣಿಸಿದೆ.

ಮೊದಲ ಗುಂಡು 9.1 ಅಂಕ, ಎಡಕ್ಕೆ. ಎರಡನೆಯದು ಅದೇ ಜಾಗಕ್ಕೆ ಬಿತ್ತು. ಮೂರನೆಯದೂ ಅಲ್ಲೇ. ಉಸಿರು ಬಿಟ್ಟೆ. ಗುಂಪು ಚೆದುರಿದ್ದರೆ ಏನೋ ಸಡಿಲಾಗಿದೆ, ಏಟು ಬಿದ್ದಿದೆ ಅಂತ ಅರ್ಥ. ಒಟ್ಟಿಗೆ ಒಂದೇ ಕಡೆ ಬಿದ್ದರೆ ರೈಫಲ್ ಚೆನ್ನಾಗಿದೆ, ಸೈಟ್ ಮಾತ್ರ ಸ್ವಲ್ಪ ಸರಿಸಬೇಕು. ನಾಲ್ಕು ಕ್ಲಿಕ್ ಬಲಕ್ಕೆ ತಿರುಗಿಸಿದೆ. ಮುಂದಿನದು 10.6.

ಸ್ಪರ್ಧೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಪ್ರೋನ್ ಚೆನ್ನಾಗಿ ಹೋಯಿತು, ತ್ರೀ ಪೊಸಿಷನ್‌ನಲ್ಲಿ ಸ್ಟ್ಯಾಂಡಿಂಗ್ ಕೈಕೊಟ್ಟಿತು. ಅಭ್ಯಾಸಕ್ಕೆ 110, ಪ್ರೋನ್‌ಗೆ ಸೈಟರ್ (ಅಂಕಕ್ಕೆ ಸೇರದ ಪರೀಕ್ಷೆಯ ಗುಂಡು) ಸೇರಿ 82, ತ್ರೀ ಪೊಸಿಷನ್‌ಗೆ 88. ಒಟ್ಟು 280. ಉಳಿದದ್ದು 120. ರೂಮಿನಲ್ಲಿ ಎರಡು ಸಲ ಎಣಿಸಿ, ಅಷ್ಟೇ ಸಂಖ್ಯೆಯನ್ನು ವಾಪಸ್ ಹೊರಡುವ ಫಾರ್ಮ್‌ನಲ್ಲಿ ಬರೆಸಿದೆ. ನಂಬರ್ ಜೋರಾಗಿ ಓದಿದೆ. ಎದುರಿನ ಹೆಂಗಸು ಮೊದಲು ವಿಚಿತ್ರವಾಗಿ ನೋಡಿ, ಆಮೇಲೆ ತಾವೂ ನನ್ನ ಜೊತೆ ಬೆರಳಿಟ್ಟು ಓದಿದರು. ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ರೈಫಲ್ ಕೈಗೆ ಬಂತು.

ಮನೆಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ರೈಫಲ್, ಗುಂಡು ಲಾಕರ್ ಸೇರಿದ ಮೇಲೆ ಅಮ್ಮ ಊಟಕ್ಕೆ ಕರೆಯುತ್ತಾಳೆ ಅಂದುಕೊಂಡೆ. ಅವಳು ಬೆಡ್‌ಶೀಟ್ ತಂದಳು. ಹೋಗುವಾಗ ಮಾತ್ರ ಅಲ್ಲ, ಬಂದಾಗಲೂ ನೋಡಬೇಕು ಅಂತ ಅವಳೇ ತೀರ್ಮಾನ ಮಾಡಿದ್ದಳು. ಬ್ಯಾಗ್ ಕೊಡವಿದೆವು. ಜಾಕೆಟ್ಟಿನ ಹೊಲಿದ ಜೇಬು ಗಟ್ಟಿಯಾಗಿಯೇ ಇತ್ತು. ಶೂ ತಿರುಗಿಸಿದಾಗ ಟಿಣ್ ಅಂತ ಏನೋ ಬಿತ್ತು. ಹೊಡೆದಾದ ಮೇಲೆ ಹಾರಿ ಬಿದ್ದ ಗುಂಡಿನ ಖಾಲಿ ಕವಚ, ಹಿತ್ತಾಳೆ ಬಣ್ಣದ್ದು, ಒಳಗೆ ಕಪ್ಪು ಮಸಿ.

"ಏನೇ ಇದು, ಇದೂ ಲೆಕ್ಕಕ್ಕೆ ಬರುತ್ತಾ?"

"ಬರುತ್ತಮ್ಮಾ, ಖಾಲಿಯಾದರೂ ಸ್ಕ್ರೀನಿಂಗ್‌ನಲ್ಲಿ ನಿಲ್ಲಿಸ್ತಾರೆ."

ಅವಳು ಅದನ್ನು ಒಂದು ಸ್ಟೀಲ್ ಲೋಟಕ್ಕೆ ಹಾಕಿ, ಇನ್ನೊಂದು ಶೂವನ್ನು ಎತ್ತಿಕೊಂಡಳು.